ಪಂಕಜಂ ಮಾಮಿಯ ಇಟ್ಟಿಗೆ

ಬೇಸಗೆ ರಜೆಗೆಂದು ಮದ್ರಾಸಿನ ಅಕ್ಕನ ಮನೆಗೆ ಬಂದಿದ್ದೇನೆ. ವೆಸ್ಟ್ ಮಾಂಬಲಂನ ಈ ಓಣಿಯ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಆರಕ್ಕೆ. ನಿನ್ನೆ ಐದೂವರೆಗೇ ಹೋದೆ. ಒಬ್ಬರೂ ಇರಲಿಲ್ಲ, ಏಳೆಂಟು ಬಿಂದಿಗೆ, ಮುಂದುಗಡೆ ಒಂದು ಇಟ್ಟಿಗೆ. ಖುಷಿಯಿಂದ ಇಟ್ಟಿಗೆಯನ್ನು ಕಾಲಲ್ಲಿ ಸರಿಸಿ ನನ್ನ ಬಿಂದಿಗೆ ಇಟ್ಟೆ.

"ಅಯ್ಯೋ, ಅದು ಪಂಕಜಂ ಮಾಮಿ ಕಣೋ," ಎಂದಳು ಬಾಗಿಲಲ್ಲಿದ್ದ ಅಕ್ಕ. "ಮಾಮಿ ಮನೆ ಮುಂದೆ ಕೋಲಂ ಹಾಕ್ತಿದಾರೆ. ಅವರು ಬರೋವರೆಗೂ ಆ ಇಟ್ಟಿಗೆನೇ ಅವರು."

ಇಪ್ಪತ್ತು ವರ್ಷದಿಂದ ಹಾಜರಿ ಕೂಗುತ್ತಿರುವ ಮೇಷ್ಟರು ನಾನು, ಈ ಓಣಿಯವರ ತಮಿಳಿನಲ್ಲಿ ವಾದ್ಯಾರ್. ಒಬ್ಬನ ಬದಲು ಇನ್ನೊಬ್ಬ ಹಾಜರಿ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಇಲ್ಲಿ ಇಟ್ಟಿಗೆ ಹಾಜರಿ ಹೇಳುತ್ತದೆ, ಇಡೀ ಓಣಿ ನಂಬುತ್ತದೆ. ಅದನ್ನು ಎರಡೂ ಕೈಯಿಂದ ಎತ್ತಿ ಅದರ ಜಾಗದಲ್ಲೇ ಇಟ್ಟೆ.

ಈವತ್ತು ರೈಲಿಗೆಂದು ತಂದಿದ್ದ ನೀರಿನ ಕೂಜಾವನ್ನು ಸಾಲಿನಲ್ಲಿಟ್ಟು, ಜಗಲಿಯ ಮೇಲೆ ಕಾಫಿ ಕುಡಿಯುತ್ತ ಇದನ್ನು ಬರೆಯತೊಡಗಿದೆ. ನೀರು ಬಂತು. ಸಾಲು ಸರಿದಂತೆಲ್ಲ ಪಂಕಜಂ ಮಾಮಿಯೇ ನನ್ನ ಕೂಜಾವನ್ನು ಮುಂದಕ್ಕೆ ಸರಿಸುತ್ತ ಬಂದರು. ಕೂಜಾ ನಲ್ಲಿಯ ಬುಡ ತಲುಪಿದಾಗ ಕೂಗಿದರು: "ವಾದ್ಯಾರ್ ಸಾರ್."

ಲೋಟ ಕೆಳಗಿಟ್ಟು, ಎದ್ದು ನಿಂತು, "ಹಾಜರ್" ಎಂದೆ.