ದೇವರ ಮನೆಯ ವೈಫೈ

ಬೆಟಗೇರಿಯ ನಮ್ಮ ಮನೆಯಲ್ಲಿ ಬೆಲೆಬಾಳುವುದೆಲ್ಲ ದೇವರ ಮನೆ ಸೇರುತ್ತದೆ. ಬಂಗಾರ, ಹೊಲದ ಕಾಗದ, ಗಾಡಿಯ ಎರಡನೇ ಕೀಲಿ. ವೈಫೈ ಡಬ್ಬಿ ಬಂದ ದಿನ ಮಾವ ಅದಕ್ಕೂ ಕುಂಕುಮ ಹಚ್ಚಿ, ದೇವರನ್ನಿಟ್ಟ ಜಗಲಿಯ ಪಕ್ಕದ ಗೂಡಿನಲ್ಲಿ ಕೂರಿಸಿದರು. ಮೈದುನ ಅದಕ್ಕೆ ಎರಡು ಹೆಸರಿಟ್ಟ. ವೇಗದ್ದು ‘ಅಂಗಡಿ’, ನಿಧಾನದ್ದು ‘ಮನಿ’. ಅಂಗಡಿಯೆಂದರೆ ಮನೆಯ ಮುಂಭಾಗದ ನಮ್ಮ ಸೀರೆ ಅಂಗಡಿ, ಅಲ್ಲಿ ಕೂರುವ ಗಂಡಸರು. ಮನಿಯೆಂದರೆ ಟಿವಿ, ಬಾಗಿಲ ಕ್ಯಾಮೆರಾ, ಮತ್ತೆ ನಾವು ಹೆಂಗಸರು. ನಮ್ಮನ್ನು ಟಿವಿ ಜೊತೆ ಸೇರಿಸಿದ್ದಕ್ಕೆ ನನಗೆ ಅಂದೇ ಮೈ ಉರಿದಿತ್ತು.

ನಾನು ಓದಿದ್ದು ಎಂ.ಎಸ್ಸಿ. ಗಣಿತ. ಹನ್ನೊಂದು ವರ್ಷ ರೊಟ್ಟಿ ಬಡಿದ ಮೇಲೆ, ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದೆ. ಮೊದಲು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅಡುಗೆಮನೆಯಲ್ಲಿ ಬೋರ್ಡ್ ತೂಗುಹಾಕಿ ಶುರು ಮಾಡಿದೆ. ತ್ರಿಕೋನದ ಮೂರನೇ ಗೆರೆ ಎಳೆಯುವಷ್ಟರಲ್ಲಿ ಚಿತ್ರ ನಿಂತೇಹೋಯಿತು. ಶುಕ್ರವಾರ ಹನ್ನೊಂದಕ್ಕೆ ಇನ್ನೊಂದೇ ಅವಕಾಶ ಎಂದರು ಆ ಕಡೆಯವರು.

ಮೈದುನನ ಹತ್ತಿರ ‘ಅಂಗಡಿ’ಯ ಪಾಸ್‌ವರ್ಡ್ ಕೇಳಿದೆ.

“ಅದು ವ್ಯಾಪಾರಕ್ಕ ಐತ್ರಿ ವೈನಿ. ನಿಮಗ ‘ಮನಿ’ ಸಾಕಲ್ರಿ.”

ಸಾಕಂತೆ! ಫೋನು ಹಿಡಿದು ಮನೆಯೆಲ್ಲ ತಿರುಗಿದೆ. ‘ಅಂಗಡಿ’ಯ ಸಿಗ್ನಲ್ ಅಡುಗೆಮನೆಯಲ್ಲಿ ತುಂಬಿ ಬರುತ್ತಿತ್ತು, ಅಂಗಡಿಯಲ್ಲಿ ಒಂದು ಗೆರೆಯೂ ಇಲ್ಲ. ಆ ವೇಗದ ಅಲೆಗೆ ಗೋಡೆ ದಾಟುವ ಶಕ್ತಿ ಕಡಿಮೆ. ಅಡುಗೆಮನೆ ದೇವರ ಮನೆಗೆ ಅಂಟಿಕೊಂಡೇ ಇದೆ, ಅಂಗಡಿಗೆ ಮಾತ್ರ ಎರಡು ದಪ್ಪ ಮಣ್ಣಿನ ಗೋಡೆ ಅಡ್ಡ. ಗಂಡಸರ ಫೋನುಗಳೆಲ್ಲ ಸದ್ದಿಲ್ಲದೆ ನಮ್ಮ ‘ಮನಿ’ಗೇ ಬಂದು ಜೋತುಬಿದ್ದಿದ್ದವು. ಇದನ್ನು ಹೇಳಿದರೆ ಮೈದುನ ನಕ್ಕ.

“ಅದೆಲ್ಲಾ ನಿಮಗ ತಿಳಿಯಂಗಿಲ್ರಿ ವೈನಿ.”

ಗಣಿತ ಓದಿದವಳಿಗೆ, ಪಿ.ಯು.ಸಿ.ಯ ಗಣಿತದಲ್ಲೇ ನಪಾಸಾದವನ ಮಾತು.

ಡಬ್ಬಿಯ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಅದರ ತಳದ ಚೀಟಿಯ ಮೇಲಿರುತ್ತದೆಂದು ನನಗೆ ಗೊತ್ತಿತ್ತು. ಶುಕ್ರವಾರದ ಪೂಜೆ ನನ್ನ ಪಾಲಿನದು, ಆಗ ನೋಡಿಕೊಂಡರಾಯಿತು ಎಂದುಕೊಂಡೆ. ಆದರೆ ಶುಕ್ರವಾರ ಬೆಳಿಗ್ಗೆಯೇ ಮುಟ್ಟಾದೆ. ನಮ್ಮಲ್ಲಿ ಆ ಮೂರು ದಿನ ದೇವರ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಅಡುಗೆಮನೆಗೆ ಮಾತ್ರ ರಿಯಾಯಿತಿ, ರೊಟ್ಟಿ ಬಡಿಯುವವರು ಬೇಕಲ್ಲ!

ಹತ್ತೂವರೆಯಾಯಿತು. ಹೊಸ್ತಿಲ ಹೊರಗೆ ನಿಂತಿದ್ದೆ, ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ದೇವರು ಮುನಿಯುತ್ತಾನೋ ಇಲ್ಲವೋ ಗೊತ್ತಿಲ್ಲ, ಹನ್ನೊಂದು ಗಂಟೆ ಮಾತ್ರ ನನಗಾಗಿ ಕಾಯುವುದಿಲ್ಲ. ಒಳಗೆ ಕಾಲಿಟ್ಟೆ. ಡಬ್ಬಿ ಮಗುಚಿ ಚೀಟಿ ಓದಿದೆ. ಅಲ್ಲೇ ನಿಂತು, ‘ಅಂಗಡಿ’ ಅಳಿಸಿ ‘ಗಣಿತ’ ಎಂದು ಹೆಸರಿಟ್ಟೆ, ಪಾಸ್‌ವರ್ಡನ್ನೂ ಬದಲಿಸಿದೆ. ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅವರಿಗೆ ಅದು ಎಂದಾದರೂ ಸಿಕ್ಕಿದ್ದರೆ ತಾನೆ?

ಪಾಠ ಒಂದು ಕ್ಷಣವೂ ನಿಲ್ಲಲಿಲ್ಲ. ಮುಗಿದ ಹತ್ತೇ ನಿಮಿಷಕ್ಕೆ ಸಂದೇಶ ಬಂತು: ನಾಳೆಯಿಂದಲೇ ಶುರು ಮಾಡಿ. ಖುಷಿಗೆ ಕಣ್ಣು ತುಂಬಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಡಬ್ಬಿ ಮಗಚಿ ಬಿದ್ದೈತಲ್ಲ! ಹೊರಗಾದಾಕಿ ದೇವರ ಮನ್ಯಾಗ ಹೋಗಿದ್ದೇನ?”

“ಹೌದ್ರಿ ಅತ್ತಿ, ಹೋಗಿದ್ದೆ.”

“ಎಷ್ಟ್ ಸೊಕ್ಕ ನಿನಗ! ಹೋಗ್ಬಾರ್ದಂತ ಗೊತ್ತಿಲ್ಲೇನ?”

“ಗೊತ್ತೈತ್ರಿ. ಗೊತ್ತಿದ್ದ ಹೋದೆ.”

ಅವರು ತಂಬಿಗೆಯಲ್ಲಿ ಗೋಮೂತ್ರ ಬೆರೆಸಿದ ನೀರು ತಂದು, ದೇವರ ಮನೆಯ ಮೂಲೆಮೂಲೆಗೆ ಚಿಮುಕಿಸತೊಡಗಿದರು. ನಾನು ಹೊಸ್ತಿಲಿಗೇ ಬಂದು ನಿಂತೆ.

“ಎಲ್ಲಾ ಕಡೆ ಹಾಕ್ರಿ ಅತ್ತಿ, ನಾ ಬ್ಯಾಡ ಅನ್ನಂಗಿಲ್ಲ. ಆ ಡಬ್ಬಿ ಮ್ಯಾಲೆ ಮಾತ್ರ ಒಂದ್ ಹನಿನೂ ಬೀಳಬಾರದು. ನಾಳೆ ನನ್ನ ಕ್ಲಾಸ್ ಐತಿ.”