ಮೂರು ಹೊತ್ತು ಉಂಡ ಮನೆ

ಬೀದಿಯವರೆಲ್ಲ ಆಕೆಯನ್ನು ದಬ್ಬಳದಕ್ಕ ಎನ್ನುತ್ತಿದ್ದರು. ಗೇಣುದ್ದದ ದಬ್ಬಳ ಹಿಡಿದು, ನೆಲಕ್ಕೆ ಮಂಡಿಯೂರಿ ಆಕೆ ಹೊಲಿದ ಹತ್ತಿಯ ಹಾಸಿಗೆಗಳ ಮೇಲೆ ಪೇಟೆಯ ಅರ್ಧ ಜನ ಮಲಗಿ ಗೊರಕೆ ಹೊಡೆದಿದ್ದಾರೆ. ಆಕೆ ಮಾತ್ರ ಮಲಗುತ್ತಿದ್ದುದು ಗೋಣಿಚೀಲದ ಮೇಲೆ. ಹತ್ತಿ ಹಿಂಜುತ್ತಿದ್ದವನು ಗಂಡ. ಮೂವತ್ತು ವರ್ಷದ ಧೂಳು ಅವನ ಎದೆಯೊಳಗೆ ಗೂಡು ಕಟ್ಟಿ, ಈಗ ಕಿಟಕಿ ಪಕ್ಕದ ಮಂಚವೇ ಅವನ ಲೋಕವಾಗಿತ್ತು. ಉಸಿರಿನ ಔಷಧಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತಿತ್ತು, ಬಡವರ ಕಾರ್ಡು ತೋರಿಸಿದರೆ.

ಅಂಗಡಿಗಳಿಗೆ ಸ್ಪಂಜಿನ ಹಾಸಿಗೆ ಬಂದ ಮೇಲೆ ದಬ್ಬಳಕ್ಕೆ ತುಕ್ಕು ಹಿಡಿಯತೊಡಗಿತು. ಇದ್ದ ಅನ್ನ ಒಬ್ಬರಿಗಾದರೆ ಹೆಚ್ಚು. ಅದನ್ನು ಗಂಡನ ತಟ್ಟೆಗೆ ಸುರಿದು, "ನಂದು ಆಗ್ಲೇ ಆಯ್ತು ಕಣ್ರೀ. ಹಸಿವು ತಡೀಲಿಲ್ಲ, ನಿಮಗಿಂತ ಮುಂಚೇನೇ ಕೂತ್ಬಿಟ್ಟೆ" ಎನ್ನುತ್ತಿದ್ದಳು. ಒಲೆಗೂ ಮಂಚಕ್ಕೂ ನಡುವೆ ಒಂದು ಗೋಡೆಯಿತ್ತು. ಅದೇ ಆಕೆಯ ಪುಣ್ಯ. ಗೋಡೆಯಾಚೆ ನಿಂತು ಒಣಗಿದ ತಟ್ಟೆಯನ್ನೇ ತಿಕ್ಕಿ ಸದ್ದು ಮಾಡುತ್ತಿದ್ದಳು. ಹೊಟ್ಟೆಗೆ ತಣ್ಣೀರು ಬಟ್ಟೆ.

"ಹೊಟ್ಟೆಬಾಕಿ ಇವಳು," ಎಂದು ಗಂಡ ನಗುತ್ತಿದ್ದ. "ನಾನು ಕೆಮ್ಮಿ ಕೆಮ್ಮಿ ಸತ್ರೂ ಉಂಡೇ ಅಳ್ತಾಳೆ."

ಆ ವರ್ಷ ಬಡವರ ಪಟ್ಟಿಯನ್ನು ಹೊಸದಾಗಿ ಮಾಡಲು ಮನೆಮನೆಗೂ ಜನ ಬಂದರು. ಗೋಡೆಗೆ ಇಷ್ಟು ಅಂಕ, ಸೂರಿಗೆ ಇಷ್ಟು, ಊಟಕ್ಕೆ ಇಷ್ಟು. ಗೆರೆ ದಾಟಿದವನು ಬಡವನಲ್ಲ, ಕಾರ್ಡೂ ಇಲ್ಲ. ದಬ್ಬಳದಕ್ಕನಿಗೆ ಇದು ಗೊತ್ತಿತ್ತು. ಬಂದವರನ್ನು ಬಾಗಿಲಲ್ಲೇ ಕೂರಿಸಿ, ಮೆಲ್ಲನೆ ನಿಜ ಹೇಳಿಬಿಡಬೇಕೆಂದಿದ್ದಳು. ಆದರೆ ಬಂದ ಹುಡುಗಿ, "ಎಲ್ಲಾ ಕಣ್ಣಾರೆ ನೋಡಿ ಬರೀಬೇಕಮ್ಮಾ," ಎಂದು ನೇರವಾಗಿ ಒಳಹೊಕ್ಕು ಮಂಚದ ಬಳಿಯೇ ಕುಳಿತಳು.

"ಫ್ಯಾನು?"

"ಇದೆ, ತಿರುಗಲ್ಲ," ಎಂದಳು ದಬ್ಬಳದಕ್ಕ.

"ತಿರುಗದಿದ್ರೂ ಇದೆ ಅಂತಾನೇ ಬರೀಬೇಕು."

"ಹಾಗಿದ್ರೆ ನನ್ನನ್ನೂ ಇದ್ದಾನೆ ಅಂತ ಬರ್ಕೊಳಮ್ಮಾ," ಎಂದ ಗಂಡ.

ಹುಡುಗಿ ನಕ್ಕು ಹಾಳೆ ಮಗುಚಿದಳು. "ದಿನಕ್ಕೆ ಎಷ್ಟು ಹೊತ್ತು ಊಟ? ಇಬ್ಬರದ್ದೂ ಹೇಳಿ."

ದಬ್ಬಳದಕ್ಕ ಒಲೆಯ ಗೋಡೆಯತ್ತ ತಿರುಗಿದಳು. ಗಂಡ ಮೊಣಕೈ ಊರಿ ಎದ್ದ. "ಔಷಧಿಗೆ ನಾವು ಬಡವರೇ. ಊಟದ ವಿಷಯದಲ್ಲಿ ಸುಳ್ಳು ಹೇಳಿದ್ರೆ ಅನ್ನ ಮುನಿಯುತ್ತೆ. ಮೂರು ಹೊತ್ತು. ಇವಳದ್ದು ನನಗಿಂತ ಮುಂಚೆ."

"ಹೌದಾ ಅಮ್ಮಾ?"

ಇಲ್ಲವೆಂದರೆ ಕಾರ್ಡು ಉಳಿಯುತ್ತದೆ, ಅವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. "ಹೌದು," ಎಂದಳು.

ಎರಡೇ ಅಂಕದಿಂದ ಅವರು ಬಡವರಲ್ಲವಾದರು. ಆಸ್ಪತ್ರೆಯಲ್ಲಿ ಔಷಧಿ ನಿಂತಿತು, ಕೆಮ್ಮು ನಿಲ್ಲಲಿಲ್ಲ. ದಬ್ಬಳದಕ್ಕ ಕಚೇರಿಗೆ ಹೋಗಿ ನಿಜ ಹೇಳಿದಳು. ಗುಮಾಸ್ತ ಕೆಟ್ಟವನಲ್ಲ, ತಿದ್ದುಪಡಿಯ ಅರ್ಜಿಯನ್ನು ತಾನೇ ಬರೆದುಕೊಟ್ಟ. "ಹೇಳಿಕೆ ಕೊಟ್ಟಿದ್ದು ನಿಮ್ಮ ಯಜಮಾನ್ರು. ಅವರೇ ಓದಿ ಸಹಿ ಹಾಕ್ಲಿ."

ಅರ್ಜಿ ಎರಡು ದಿನ ಆಕೆಯ ಗೋಣಿಚೀಲದಡಿ ಇತ್ತು. ಮೂರನೆಯ ದಿನ ಬೆಳಿಗ್ಗೆ ಗಂಡನ ತುಟಿ ನೀಲಿಯಾದದ್ದು ಕಂಡು, ಕಾಗದ ಅವನ ಕೈಗಿಟ್ಟು ಗೋಡೆಯಾಚೆ ಹೋಗಿ ನಿಂತಳು.

ಕಾಗದ ಓದಿ ಮುಗಿಸಿ ಅವನು ಕೇಳಿದ: "ಯಾವಾಗಿಂದ?"

"ಹೋದ ವರ್ಷದ ಚಳಿಯಿಂದ."

"ಪೆನ್ನು ಕೊಡು."

ಮಧ್ಯಾಹ್ನ ಅನ್ನ ಬಡಿಸಿದಾಗ ಅವನು ತಟ್ಟೆಯ ನಡುವೆ ಬೆರಳಿನಿಂದ ಗೀಟು ಎಳೆದ. "ಆ ಕಡೇದು ನಿಂದು. ಕೂತ್ಕೋ."

"ನಿಮಗೆ ಶಕ್ತಿ ಬೇಕ್ರೀ."

"ನೀನು ಬಾಯಿಗಿಡದೆ ನಾನು ಇಡಲ್ಲ ಕಣೇ."

ಆಕೆ ಕುಳಿತಳು. ಅವನು ನೋಡುತ್ತಲೇ ಇದ್ದ, ಆಕೆ ನುಂಗುವವರೆಗೂ.

ಅರ್ಜಿಯ ತೀರ್ಮಾನಕ್ಕೆ ಮೂರು ತಿಂಗಳು ಹಿಡಿಯಿತು. ಅವನು ಇದ್ದದ್ದು ಏಳು ವಾರ. ಅಷ್ಟು ದಿನವೂ ತಟ್ಟೆಯ ಗೀಟನ್ನು ಅವನೇ ಎಳೆಯುತ್ತಿದ್ದ. ಅದು ದಿನದಿನಕ್ಕೂ ಅವನ ಕಡೆಗೇ ಸರಿಯುತ್ತಿತ್ತು.