ಪಟ್ಟಿಯಮ್ಮನ ಕೊಂಬಿನ ಗಿಡಗಳು

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಸುತ್ತಿದ ಕೈ, ನಿವೃತ್ತಿ ಆಯಿತೆಂದು ಮಡಿಲಲ್ಲಿ ಸುಮ್ಮನೆ ಕೂರುತ್ತದೆಯೇ? ಮನುಷ್ಯರ ಮೊಣಕೈ ಮೊಣಕಾಲು ಸಿಗದಾದಾಗ ಪಟ್ಟಿಯಮ್ಮ ಮರಗಳಿಗೆ ಸುತ್ತತೊಡಗಿದಳು. ವಠಾರದ ಅಂಗಳದಲ್ಲಿ ಸಾಲಾಗಿ ಏಳು ಪಾಮ್ ಮರಗಳು. ಒಂದೊಂದರ ಕಾಂಡಕ್ಕೂ ಎದೆಮಟ್ಟದಲ್ಲಿ ಒಂದೊಂದು ಜರೀಗಿಡ. ಎಲೆಗಳು ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ಜೋತುಬೀಳುವುದರಿಂದ ಎಲ್ಲರ ಬಾಯಲ್ಲೂ ಅದು ಕೊಂಬಿನ ಗಿಡ.

ಕಟ್ಟುವುದಕ್ಕೂ ಅವಳದೇ ಒಂದು ಶಾಸ್ತ್ರ. ಕಾಂಡಕ್ಕೆ ಒಂದು ಹಿಡಿ ಒದ್ದೆ ಪಾಚಿ, ಅದರ ಮೇಲೆ ಗಿಡದ ಬುಡ, ಆಮೇಲೆ ಹಳೇ ಬ್ಯಾಂಡೇಜು, ಉಳುಕಿದ ಮಣಿಕಟ್ಟಿಗೆ ಸುತ್ತುವ ಹಾಗೆ ಅಡ್ಡಡ್ಡ. ನಡುವಿನ ಚಿಗುರಿನ ಕಣ್ಣಿಗೆ ಮಾತ್ರ ಬಟ್ಟೆ ತಾಗಬಾರದು. ವರ್ಷ ತುಂಬುವಷ್ಟರಲ್ಲಿ ಬುಡದೆಲೆ ಅಂಗೈಯಂತೆ ಹರಡಿ ಮರವನ್ನು ಅವುಚಿಕೊಂಡು, ಒಣಗಿ, ಕಂದು ಕಾಗದದಂತಾಗುತ್ತದೆ. ಆಗ ಪಟ್ಟಿ ಬಿಚ್ಚುವುದು.

"ಡಿಸ್ಚಾರ್ಜ್ ಆಯ್ತು. ಇನ್ನು ನಿನ್ನ ಪಾಡು ನಿನ್ನದು" ಎಂದು ಗಿಡದ ಬೆನ್ನು ತಟ್ಟುವಳು.

ವಠಾರದ ಕಾರ್ಯದರ್ಶಿ ಮೇಷ್ಟ್ರಿಗೆ ಇದೆಲ್ಲ ಕಣ್ಣಲ್ಲಿ ಬಿದ್ದ ಕಸ. ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಅಭ್ಯಾಸವಾದವರು. ಮರಗಳೂ ಕೊರಳವರೆಗೆ ಸುಣ್ಣ ಬಳಿದುಕೊಂಡು ಒಂದೇ ಸಮ ನಿಲ್ಲಬೇಕು. ಒಂದು ಬೆಳಿಗ್ಗೆ ಅವರು ಕಂದು ಬುಡದೆಲೆಯನ್ನು ಬೆರಳಲ್ಲಿ ಕೆದಕಿ ತೀರ್ಪು ಕೊಟ್ಟರು.

"ಇದು ಮರದ ರಕ್ತ ಹೀರೋ ಗಿಡ ಕಣ್ರೀ. ಹೀರಿ ಹೀರಿ ಈಗ ತಾನೇ ಕೊಳೀತಿದೆ. ಭಾನುವಾರ ಪೇಂಟರ್ ಬರ್ತಾನೆ. ಎಲ್ಲಾ ಕೆರೆಸಿ ಸುಣ್ಣ ಹೊಡೆಸ್ತೀನಿ."

"ಮೇಷ್ಟ್ರೇ, ಅದು ಬರೀ ಹಿಡ್ಕೊಂಡಿರೋದು. ಬಸ್ಸಲ್ಲಿ ನೀವು ಕಂಬಿ ಹಿಡ್ಕೊಳಲ್ವಾ? ಕಂಬೀನ ಕುಡೀತೀರಾ?" ಎಂದಳು ಪಟ್ಟಿಯಮ್ಮ.

"ಮಾತು ಬೇಡ. ಸಾಕ್ಷಿ ತೋರ್ಸಿ, ಬಿಟ್ಬಿಡ್ತೀನಿ. ಸಾಕ್ಷಿ ಇಲ್ದೆ ನಾನು ಏನೂ ನಂಬೋನಲ್ಲ."

ಪಟ್ಟಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೊಳಗೆ ನಡೆದಳು. ಬುಡದೆಲೆ ಸಮೇತ ಕೆರೆದರೆ ಗಿಡ ಮತ್ತೆ ಹತ್ತಿಕೊಳ್ಳುವುದಿಲ್ಲ, ಸತ್ತಂತೆಯೇ. ಮೊದಲ ಮರದ ಗಿಡಕ್ಕೆ ಇಪ್ಪತ್ತೆರಡು ವರ್ಷ ವಯಸ್ಸು. ಸಾಕ್ಷಿ ಇಲ್ಲವೆಂದಲ್ಲ, ಇತ್ತು. ಅವಳ ಬಚ್ಚಲಮನೆಯಲ್ಲೇ ಒಣ ಹಲಗೆಯ ಮೇಲೆ ಕೊಬ್ಬಿ ಬೆಳೆದ ಗಿಡವೊಂದಿತ್ತು. ಫಜೀತಿ ಏನೆಂದರೆ, ಆ ಹಲಗೆ ವಠಾರದ ನೋಟೀಸ್ ಬೋರ್ಡು.

ಮೂರು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆಯುವಾಗ ಬೋರ್ಡನ್ನು ಇಳಿಸಿ ಮೆಟ್ಟಿಲ ಬುಡದಲ್ಲಿ ಒರಗಿಸಿದ್ದರು. ಅದೇ ದಿನ ಗಾಳಿಗೆ ಒಂದು ಗಿಡ ಕಿತ್ತು ಬಿದ್ದಿತ್ತು. ಪ್ರಥಮ ಚಿಕಿತ್ಸೆಗೆ ಕೈಗೆ ಸಿಕ್ಕಿದ್ದನ್ನು ಬಳಸಬೇಕೆಂಬುದು ಆಸ್ಪತ್ರೆಯ ಪಾಠ. ಆ ಬೋರ್ಡಿಗೇ ಗಿಡ ಕಟ್ಟಿ ಮನೆಗೆ ಒಯ್ದಳು, ವಾರದೊಳಗೆ ವಾಪಸ್ ಇಡೋಣವೆಂದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಸಭೆ ಕರೆದು, ಕದ್ದವನು ಈ ಪೇಂಟರೇ ಎಂದು ಮೇಜು ಗುದ್ದಿದರು; ಅಗ್ಗಕ್ಕೆ ಬರುವವನು ಬೇರೆ ಇಲ್ಲದೆ ಕೆಲಸಕ್ಕೆ ಮಾತ್ರ ಅವನನ್ನೇ ಕರೆಯುತ್ತಿದ್ದರು. ಆಮೇಲೆ ಬಾಯಿ ಬಿಡುವುದು ಹೇಗೆ?

"ಅತ್ತೆ, ಆ ಕೊಂಬಿನ ಮುಂದೆ ಸ್ನಾನ ಮಾಡೀ ಮಾಡೀ ನನಗೆ ಸಾಕಾಗಿದೆ. ಯಾರೋ ದಿಟ್ಟಿಸ್ದಂಗಾಗುತ್ತೆ. ಆಚೆ ತಗೊಂಡೋಗಿ ತೋರ್ಸಿ" ಎಂದಳು ಸೊಸೆ.

"ಮರ್ಯಾದೆ ಹೋಗುತ್ತಲ್ಲೇ."

"ಒಂದು ಮರ್ಯಾದೆ ಹೋಗುತ್ತೆ, ಏಳು ಗಿಡ ಉಳಿಯುತ್ತೆ. ನೀವೇ ನೋಡ್ಕೊಳ್ಳಿ."

ಭಾನುವಾರ ಪೇಂಟರ್ ಕೆರೆಯುವ ತಗಡು ಹಿಡಿದು ಮೊದಲ ಮರದ ಮುಂದೆ ನಿಂತಾಗ, ಅತ್ತೆ ಸೊಸೆ ಇಬ್ಬರೂ ರೋಗಿಯನ್ನು ಹೊತ್ತು ತರುವವರಂತೆ ಹಲಗೆಯನ್ನು ಎರಡು ಕಡೆ ಹಿಡಿದು ಅಂಗಳಕ್ಕೆ ಬಂದರು.

"ತಗೊಳ್ಳಿ ಮೇಷ್ಟ್ರೇ, ಸಾಕ್ಷಿ. ಒಣ ಹಲಗೆ. ಇದರಲ್ಲಿ ಯಾವ ರಕ್ತ ಇದೆ ಹೀರೋಕೆ?"

ಮೇಷ್ಟ್ರು ಬಗ್ಗಿ ಒಂದು ಕೊಂಬು ಎತ್ತಿದರು. ಕೆಳಗೆ ಅವರೇ ಬಣ್ಣದಲ್ಲಿ ದುಂಡಗೆ ಬರೆದ 'ಸೂಚನೆಗಳು'. ಕೊಂಬು ಕೈಯಿಂದ ಜಾರಿತು.

"ಇದು ನಮ್ಮ..."

"ಹೂಂ, ಅದೇ. ಕದ್ದಿದ್ದು ನಾನೇ. ನನ್ನ ವಿಚಾರಣೆ ಆಮೇಲೆ ಇಟ್ಕೊಳ್ಳಿ. ಮೊದಲು ಗಿಡದ ತೀರ್ಪು ಹೇಳಿ."

ಪೇಂಟರ್ ಇನ್ನೂ ಸುಣ್ಣ ಕಲಸದ ಖಾಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. "ನಿಧಾನವಾಗಿ ಹೇಳಿ ಮೇಷ್ಟ್ರೇ. ಮೂರು ವರ್ಷ ನನ್ನ ಕಳ್ಳ ಅಂದಿದೀರಿ. ನನಗೇನೂ ಆತುರ ಇಲ್ಲ."

ಪಟ್ಟಿಯಮ್ಮ ಅವನತ್ತ ತಿರುಗಿದಳು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ನಿನ್ನ ಹೆಸರು ಕೆಡ್ತಾ ಇದ್ರೂ ಬಾಯಿ ಮುಚ್ಕೊಂಡಿದ್ದೆ ಕಣಪ್ಪ. ತಪ್ಪಾಯ್ತು."

ಅವನು ತಲೆ ಕೆರೆದುಕೊಂಡ. "ಬಾಯಲ್ಲಿ ಹೇಳಿದ್ರೆ ಸಾಲದಮ್ಮ. ನಮ್ಮನೆ ಬಾಗಿಲಿಗೂ ಒಂದು ಮರಿ ಕಟ್ಟಿಕೊಡಿ."

ಮೇಷ್ಟ್ರು ಹಲಗೆ ತಿರುಗಿಸಿ ಹಿಂಬದಿ ಸವರಿ ನೋಡಿದರು. ಒಂದು ಬೇರೂ ತೂರಿರಲಿಲ್ಲ. ಸಾಕ್ಷಿಯಲ್ಲ ಎಂದರೆ ತಮ್ಮ ಮಾತನ್ನೇ ನುಂಗಬೇಕು, ಸಾಕ್ಷಿ ಎಂದರೆ ಕಳ್ಳಿಯನ್ನು ಗೆಲ್ಲಿಸಬೇಕು.

"ಗಿಡಗಳು ಇರ್ಲಿ" ಎಂದರು ಕೊನೆಗೆ, ಕಷಾಯ ಕುಡಿದವರಂತೆ. "ಸುಣ್ಣ ಅದರ ಕೆಳಗೆ ಹೊಡಿಯಪ್ಪ. ಆದ್ರೆ ನೀವು ಕ್ಷಮಾಪಣೆ ಪತ್ರ ಬರೀಬೇಕು."

ಬರೆದಳು. ಅದರಲ್ಲಿ ತಪ್ಪೊಪ್ಪಿಗೆ ಒಂದು ಸಾಲು, ಕೊಂಬಿನ ಗಿಡದ ಆರೈಕೆ ಹನ್ನೊಂದು ಸಾಲು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿ ಎರಡು ಸಲ ವಾಪಸ್ ಕಳಿಸಿದರು. ಮೂರನೆಯದಕ್ಕೆ ಅವರೂ ಸೋತರು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮೇಷ್ಟ್ರು ಮೊದಲ ಮರದಡಿ ಬಂದು ನಿಂತರು. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಬುಡದೆಲೆಯ ಸಂದಿಗೆ ಕಣ್ಣಿಟ್ಟು, ಬೇರು ಕಾಂಡದೊಳಗೆ ಹೋಗಿದೆಯೋ ಎಂದು ಇಣುಕುತ್ತಿದ್ದರು. ಹಲಗೆಯ ಸಾಕ್ಷಿ ಹಲಗೆಗಾಯಿತು, ಮರದ್ದು ಬೇರೆ ಎಂದು ಅವರ ಮನಸ್ಸು. ಅಡುಗೆಮನೆಯ ಕಿಟಕಿಯಿಂದ ಪಟ್ಟಿಯಮ್ಮ ಎಲ್ಲ ನೋಡಿದಳು. ಸದ್ದಿಲ್ಲದೆ ಹೊರಗೆ ಬಂದು, ನಲ್ಲಿ ತಿರುಗಿಸಿ, ಪೈಪಿನ ಬಾಯನ್ನು ಹೆಬ್ಬೆರಳಲ್ಲಿ ಅರ್ಧ ಮುಚ್ಚಿ, ಗಿಡದ ನೆತ್ತಿಗೆ ನೇರ ಬಿಟ್ಟಳು.

"ಅಯ್ಯೋ, ಅಲ್ಲಿದ್ರಾ ಮೇಷ್ಟ್ರೇ?" ಎಂದು ಆಮೇಲೆ ಕೇಳಿದಳು. ನೀರು ಮಾತ್ರ ನಿಲ್ಲಿಸಲಿಲ್ಲ.